ಸಾಲಿನ ಕೊನೆಯ ಸೈಕಲ್

ಅವಳನ್ನು ಎಲ್ಲರೂ ಗಾರ್ಡಮ್ಮ ಎಂದೇ ಕರೆಯುತ್ತಿದ್ದರು. ರೈಲಿನ ಕೊನೆಯ ಡಬ್ಬಿಯಲ್ಲಿ ಬಾವುಟ ಹಿಡಿದು ನಿಲ್ಲುವ ಗಾರ್ಡಿನ ಹಾಗೆ, ಸೈಕಲ್ ಪ್ರವಾಸದ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಬರುವುದು ಅವಳ ಕೆಲಸ. ಸಾಲಿನ ಮುಂದೆ ಅವಳ ಗಂಡ ಇರುತ್ತಿದ್ದ. ಸಹಜವಾಗಿಯೇ ಅವನಿಗೆ ಎಂಜಿನ್ ಎಂಬ ಹೆಸರು ಬಿದ್ದಿತ್ತು. ಕಾಡಿನೊಳಗಿನ ದಾರಿಗಳಲ್ಲಿ, ಗುಡ್ಡ ಹತ್ತಿಳಿಯುವ ಹಳೆಯ ಗಾಡಿರಸ್ತೆಗಳಲ್ಲಿ, ಪೇಟೆಯ ಜನರನ್ನು ಸೈಕಲ್ ಮೇಲೆ ಸುತ್ತಿಸಿಕೊಂಡು ಬರುವುದೇ ಈ ಗಂಡಹೆಂಡತಿಯ ಜೀವನವಾಗಿತ್ತು.

ಮದುವೆಗೆ ಮುಂಚೆ ಅವಳು ಕ್ಯಾನ್ವಾಸ್ ಬಟ್ಟೆ ಹೊಲಿಯುವವಳು. ಡೇರೆ, ಲಾರಿಯ ಮೇಲೆ ಹೊದಿಸುವ ಟಾರ್ಪಾಲು, ಅಂಗಡಿಗಳ ಮುಂದಿನ ನೆರಳುಬಟ್ಟೆ ಎಲ್ಲವೂ ಅವಳ ಮೆಷಿನ್ನಿನ ಕೆಳಗೆ ಹಾದುಹೋಗುತ್ತಿದ್ದವು. ಒಂದು ದಿನ ಕಾರ್ಖಾನೆಯ ಫಿಟ್ಟರ್ ಒಬ್ಬ ಬಂದು, ಎರಡು ಕಡೆಗೂ ಜೋತುಬೀಳುವಂಥ ಜೋಡಿ ಚೀಲ ಬೇಕು ಎಂದು ಕೈಯಲ್ಲೇ ಅಳತೆ ತೋರಿಸಿದ.

"ಕತ್ತೆ ಮೇಲೆ ಹಾಕೋದಕ್ಕಾ?" ಎಂದು ಅವಳು ಕೇಳಿದಳು.

"ಹೂಂ. ಕತ್ತೆ ನಾನೇ," ಎಂದ ಅವನು, ಹೊರಗೆ ಗೋಡೆಗೆ ಒರಗಿಸಿದ್ದ ಸೈಕಲ್ ತೋರಿಸಿ.

ಆ ಚೀಲಗಳನ್ನು ಕಟ್ಟಿಕೊಂಡು ಅವನು ರಜೆಯ ದಿನಗಳಲ್ಲೆಲ್ಲ ಗುಡ್ಡಗಾಡು ಅಲೆಯುತ್ತಿದ್ದ. ಹೊಲಿಗೆ ಬಿಟ್ಟಿದೆ, ಬಕ್ಕಲು ಮುರಿದಿದೆ ಎಂದು ನೆವ ಹೇಳಿಕೊಂಡು ಮತ್ತೆ ಮತ್ತೆ ಅಂಗಡಿಗೆ ಬಂದ. ಆಮೇಲೆ ನೆವ ಹೇಳುವುದನ್ನೂ ಬಿಟ್ಟ. ಮದುವೆಯಾದ ಮೇಲೆ ಅವಳೂ ಸೈಕಲ್ ಕಲಿತಳು. ಕಾರ್ಖಾನೆ ಮುಚ್ಚಿದಾಗ ಅವನು ತಲೆಯ ಮೇಲೆ ಕೈ ಹೊತ್ತು ಕೂರಲಿಲ್ಲ. "ಇಷ್ಟು ದಿನ ಒಬ್ಬನೇ ನೋಡಿದ ದಾರೀನ ನಾಲ್ಕು ಜನಕ್ಕೆ ತೋರಿಸೋಣ," ಎಂದ. ಹೀಗೆ ಶುರುವಾಯಿತು.

ಅವರ ಮನೆಯ ಮುಂದಿನ ಕೋಣೆಯೇ ಕಚೇರಿ, ಗೋದಾಮು, ರಿಪೇರಿ ಅಂಗಡಿ ಎಲ್ಲ ಆಗಿತ್ತು. ತೊಲೆಗೆ ಹೊಡೆದ ಕೊಕ್ಕೆಗಳಿಂದ ಸೈಕಲ್‌ಗಳು ತಲೆಕೆಳಗಾಗಿ ತೂಗುತ್ತಿದ್ದವು. ಮೂಲೆಯಲ್ಲಿ ಟಯರುಗಳ ರಾಶಿ, ಗೂಟಕ್ಕೆ ನೇತುಹಾಕಿದ ಟ್ಯೂಬುಗಳು, ಎಷ್ಟು ಒರೆಸಿದರೂ ಹೋಗದ ಎಣ್ಣೆಯ ಜಿಡ್ಡು. ಕಿಟಕಿಯ ಪಕ್ಕದಲ್ಲಿ ಅವಳ ಹೊಲಿಗೆ ಮೆಷಿನ್. ಅತ್ತೆ ಅಡುಗೆಮನೆಯಿಂದ ಬಾಗಿಲಿಗೆ ಬರಬೇಕಾದರೆ ಹ್ಯಾಂಡಲುಗಳ ನಡುವೆ ಸೆರಗು ಸಿಕ್ಕಿಸಿಕೊಳ್ಳದೆ ಬರುವ ಹಾಗೇ ಇರಲಿಲ್ಲ. "ಈ ಮನೇಲಿ ಮನುಷ್ಯರಿಗಿಂತ ಚಕ್ರ ಜಾಸ್ತಿ. ನಾನು ಸತ್ತರೆ ನನ್ನನ್ನೂ ಸೈಕಲ್ ಮೇಲೇ ಒಯ್ತಾರೆ," ಎಂದು ಗೊಣಗುತ್ತಲೇ ಬಂದವರಿಗೆಲ್ಲ ಟೀ ಕೊಡುತ್ತಿದ್ದಳು.

ಮುಂದೆ ಹೋಗುವವನಿಗೆ ದಾರಿ ಗೊತ್ತಿದ್ದರೆ ಸಾಕು. ಹಿಂದೆ ಬರುವವಳಿಗೆ ಮನುಷ್ಯರು ಗೊತ್ತಿರಬೇಕು. ಯಾರ ಬೆನ್ನು ಎಷ್ಟು ಬಾಗಿದರೆ ನೀರು ಕುಡಿಸಬೇಕು, ಯಾರ ಮಂಡಿ ಹೊರಕ್ಕೆ ತಿರುಗಿದರೆ ಸೀಟು ಎತ್ತರಿಸಬೇಕು, ಯಾರು ಮಾತು ನಿಲ್ಲಿಸಿದರೆಂದರೆ ಅಳು ಬರುವ ಹಂತ ಮುಟ್ಟಿದ್ದಾರೆ ಎಂಬುದೆಲ್ಲ ಗಾರ್ಡಮ್ಮನಿಗೆ ಹಿಂದಿನಿಂದಲೇ ತಿಳಿಯುತ್ತಿತ್ತು. ಸೋತವರ ಪಕ್ಕಕ್ಕೆ ಅವಳು ಬರುತ್ತಿರಲಿಲ್ಲ, ಅವರಿಗೆ ನಾಚಿಕೆಯಾಗುತ್ತದೆ ಎಂದು ಸ್ವಲ್ಪ ಹಿಂದೆಯೇ ಉಳಿಯುತ್ತಿದ್ದಳು. ಅವಳ ಚೀಲದಲ್ಲಿ ಪಂಪು, ಪಂಚರ್ ಹಾಕುವ ಸಾಮಾನು, ಬಾಳೆಹಣ್ಣು, ಒಣಗಿದ ಕಾಲುಚೀಲಗಳು ಯಾವಾಗಲೂ ಇರುತ್ತಿದ್ದವು. ಗಂಡನನ್ನು ಮಾತ್ರ ಅವಳು ದಾರಿಯಲ್ಲಿ ನೋಡುತ್ತಲೇ ಇರಲಿಲ್ಲ. ಬೆಳಿಗ್ಗೆ ಹೊರಡುವಾಗ ಅವನ ಬೆನ್ನು ಮೊದಲ ತಿರುವಿನಲ್ಲಿ ಮರೆಯಾದರೆ, ಆಮೇಲೆ ಕಾಣುತ್ತಿದ್ದುದು ಎಲ್ಲರೂ ಊಟಕ್ಕೆ ನಿಂತ ಜಾಗದಲ್ಲೇ. ಅಷ್ಟರಲ್ಲಿ ಅವನು ಬೆವರು ಒರೆಸಿಕೊಂಡು, ಸ್ಟೌ ಹಚ್ಚಿ, ನಗುನಗುತ್ತಾ ನಿಂತಿರುತ್ತಿದ್ದ.

ಒಂದು ವರ್ಷ ಅವನು ತಿರುವುಗಳಲ್ಲಿ ನಿಲ್ಲುವುದು ಜಾಸ್ತಿಯಾಗಿತ್ತಂತೆ. ನಿಂತಾಗೆಲ್ಲ ಕಣಿವೆಯ ಕಡೆ ಕೈ ಮಾಡಿ, "ನೋಡಿ, ಇಲ್ಲಿಂದ ಎಷ್ಟು ಚೆನ್ನಾಗಿ ಕಾಣುತ್ತೆ," ಎನ್ನುತ್ತಿದ್ದನಂತೆ. ಜನ ಕಣಿವೆ ನೋಡಿದರು. ಅವನು ಉಸಿರಿಗಾಗಿ ನಿಲ್ಲುತ್ತಿದ್ದಾನೆಂದು ಯಾರಿಗೂ ಹೊಳೆಯಲಿಲ್ಲ. ಮನೆಯಲ್ಲಿ ಅವನು ಈ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಆ ವರ್ಷ ಹೊರಟ ಒಂದು ತಂಡದಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರಿದ್ದರು. ಜೀವಮಾನವೆಲ್ಲ ಸೈಕಲ್ ತುಳಿದವರು, ಹಾಗಾಗಿ ಎಂಜಿನ್ನಿನ ಹಿಂದೆಯೇ ಅವರ ಜಾಗ. ಬಾಲದಲ್ಲಿ ಲೈಬ್ರರಿ ಮೇಡಂ. ಪುಸ್ತಕಗಳ ಕಪಾಟುಗಳ ನಡುವೆಯೇ ವಯಸ್ಸು ಕಳೆದ, ತುಸು ಭಾರಿ ಮೈಯ ಹೆಂಗಸು. ಮೊದಲ ದಿನವೇ ಪ್ರತಿಯೊಂದು ಏರಿನಲ್ಲೂ ಇಳಿದು ತಳ್ಳುತ್ತಾ, ಪ್ರತಿಯೊಬ್ಬರ ಹತ್ತಿರವೂ ಕ್ಷಮೆ ಕೇಳುತ್ತಾ ಬಂದಿದ್ದರು.

ಎರಡನೆಯ ದಿನ ದೊಡ್ಡ ಏರು. ಕಾಡಿನೊಳಗಿಂದ ಸುತ್ತಿ ಸುತ್ತಿ ಗುಡ್ಡದ ನೆತ್ತಿಗೆ ಹೋಗುವ ಆ ದಾರಿಯಲ್ಲಿ ಮೋಟಾರು ವಾಹನ ಹೋಗುವಂತಿರಲಿಲ್ಲ, ಫೋನು ಸಿಗುತ್ತಿರಲಿಲ್ಲ. ಸಾಮಾನಿನ ವ್ಯಾನು ಅಗಲ ರಸ್ತೆಯಲ್ಲಿ ಬಳಸಿಕೊಂಡು ಹೋಗಿ ನೆತ್ತಿಯಲ್ಲಿ ಕಾಯಬೇಕಿತ್ತು. ಏರಿನ ಬುಡದಲ್ಲಿ ಮೇಡಂ ಗಾರ್ಡಮ್ಮನ ಹತ್ತಿರ ಬಂದರು.

"ನನ್ನನ್ನ ವ್ಯಾನಿಗೆ ಹತ್ತಿಸಿಬಿಡಿ ಅಕ್ಕಾ. ನನ್ನಿಂದ ಎಲ್ಲರಿಗೂ ತಡ."

"ಯಾರಿಗೇನು ಅವಸರ? ನಾನಿದ್ದೀನಲ್ಲ. ನಡೆದುಕೊಂಡೇ ಹೋಗೋಣ."

"ಹೊತ್ತಾಗುತ್ತೆ."

"ಆಗ್ಲಿ ಬಿಡಿ. ಮನೆಗೆ ಹೋದಮೇಲೆ ನಾನೂ ಹತ್ತಿದೆ ಅಂತ ಹೇಳ್ಕೋಬೇಕೋ ಬೇಡ್ವೋ?"

ಮೇಡಂ ನಕ್ಕು ಒಪ್ಪಿಕೊಂಡರು. ವ್ಯಾನು ಹೊರಟಿತು. ಸ್ವಲ್ಪ ಹೊತ್ತಿಗೆ ಉಳಿದವರೆಲ್ಲ ಮರಗಳ ನಡುವೆ ಕಾಣದಾದರು.

ಅಂಥ ಸುಖದ ಏರನ್ನು ಗಾರ್ಡಮ್ಮ ಅದುವರೆಗೆ ಏರಿರಲಿಲ್ಲ. ಇಬ್ಬರೂ ಸೈಕಲ್ ತಳ್ಳಿಕೊಂಡು ಮಾತಾಡುತ್ತಾ ಹೋದರು. ಮೇಡಂ ತಮ್ಮ ಲೈಬ್ರರಿಗೆ ಬರುವವರ ಕಥೆ ಹೇಳಿದರು. ಪತ್ತೇದಾರಿ ಕಾದಂಬರಿಗಳ ಕೊನೆಯ ಹಾಳೆ ಹರಿದುಕೊಂಡು ಹೋಗುವ ಗೌರವಸ್ಥರೊಬ್ಬರನ್ನು ಕೈಯಾರೆ ಹಿಡಿದದ್ದನ್ನು ಅಭಿನಯಿಸಿ ತೋರಿಸಿದಾಗ ಗಾರ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅರ್ಧ ದಾರಿಯಲ್ಲಿ ಒಂದು ಚಿಕ್ಕ ಹೊಳೆ ರಸ್ತೆಗೆ ಅಡ್ಡ ಹರಿಯುತ್ತಿತ್ತು. ಮೇಡಂ ಕಾಲಿನ ಮೀನಖಂಡ ಹಿಡಿದುಕೊಂಡಿತ್ತು. ಬೂಟು ಬಿಚ್ಚಿ ಇಬ್ಬರೂ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತರು, ಬಾಳೆಹಣ್ಣು ತಿಂದರು. ಹೋಗೋಣವೇ ಎಂದು ಮೇಡಂ ಕೇಳಿದರೂ, "ಇನ್ನೊಂದು ಸ್ವಲ್ಪ ಕೂತ್ಕೊಳ್ಳಿ," ಎಂದವಳು ಗಾರ್ಡಮ್ಮನೇ.

ನೆತ್ತಿ ಇನ್ನೇನು ಹತ್ತಿರ ಎನ್ನುವಾಗ, ಒಂದು ತಿರುವು ದಾಟುತ್ತಲೇ, ಬಂಡೆಗೆ ಒರಗಿಸಿದ ಗಂಡನ ಸೈಕಲ್ ಕಾಣಿಸಿತು. ಪಕ್ಕದಲ್ಲೇ ಅವನೂ ಬಂಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಗಲ್ಲವನ್ನು ಎದೆಗೆ ತಾಗಿಸಿಕೊಂಡು ಕೂತಿದ್ದ. ಹೆಲ್ಮೆಟ್ ತೊಡೆಯ ಮೇಲಿತ್ತು. ತೂಕಡಿಸುತ್ತಿದ್ದಾನೆ ಎಂದುಕೊಂಡಳು. ಅವಳಿಗೆ ಇನ್ನೂ ನಗು ಆರಿರಲಿಲ್ಲ.

"ಏನ್ರೀ, ಎಂಜಿನ್ ಕೆಟ್ಟು ನಿಂತುಹೋಯ್ತಾ?" ಎಂದು ದೂರದಿಂದಲೇ ಕೂಗಿದಳು.

ಅವನು ತಲೆಯೆತ್ತಲಿಲ್ಲ.

ಆಮೇಲೆ ನಡೆದದ್ದು ಅವಳಿಗೆ ತುಂಡುತುಂಡಾಗಿ ನೆನಪಿದೆ. ಸೈಕಲ್ ಕೈಬಿಟ್ಟದ್ದು, ಅದು ಉರುಳಿದ ಸದ್ದು. ಅವನನ್ನು ನೆಲಕ್ಕೆ ಮಲಗಿಸಿ ಎದೆ ಒತ್ತಿದ್ದು. ಕೈ ಸೋತರೂ ಒತ್ತುತ್ತಲೇ ಇದ್ದದ್ದು. ಅವನ ಕೆನ್ನೆ ತಣ್ಣಗಿತ್ತು, ಕುತ್ತಿಗೆಯ ಹಿಂಭಾಗ ಮಾತ್ರ ಇನ್ನೂ ಸ್ವಲ್ಪ ಬೆಚ್ಚಗಿತ್ತು. ಲೈಬ್ರರಿ ಮೇಡಂ ಸೈಕಲ್ ಬಿಟ್ಟು ನೆತ್ತಿಯ ಕಡೆಗೆ ಓಡಿದರು. ಇಡೀ ದಾರಿ ಹೆಜ್ಜೆ ಎತ್ತಿಡಲಾರದವರು ಎಲ್ಲೂ ನಿಲ್ಲದೆ, ಸಹಾಯಕ್ಕೆ ಕೂಗುತ್ತಾ ಓಡಿದರು.

ನೆತ್ತಿಯಲ್ಲಿ ಉಳಿದವರು ಬಿಸ್ಕತ್ತು ತಿನ್ನುತ್ತಾ ಕಾಯುತ್ತಿದ್ದರಂತೆ.

ಓಡಿ ಬಂದವರಲ್ಲಿ ಪೋಸ್ಟ್‌ಮ್ಯಾನ್ ಮೊದಲಿಗರು. ಅವಳ ಪಕ್ಕ ನೆಲದ ಮೇಲೆ ಕೂತು ಹೇಳಿದರು. "ನಾನು ಇವರ ಹಿಂದೇನೇ ಇದ್ದೆ ತಾಯಿ. ಇಲ್ಲಿ ಇಳಿದು ಕೂತ್ಕೊಂಡ್ರು. ಏನಾಯ್ತು ಅಂದೆ. ಏನಿಲ್ಲ, ನೀವು ನಿಲ್ಲಬೇಡಿ, ಹೋಗ್ತಾ ಇರಿ, ದಾರಿ ನೇರವಾಗೇ ಇದೆ ಅಂದ್ರು. ಹಿಂದೆ ಅವಳು ಬರ್ತಿದ್ದಾಳೆ, ಅವಳ ಜೊತೆ ಬರ್ತೀನಿ ಅಂದ್ರು."

ಅವರ ಹಿಂದಿನಿಂದ ಬಂದವರಿಗೂ ಅವನು ಅದನ್ನೇ ಹೇಳಿದ್ದ. ಕೊನೆಗೆ ಬಂದವರಿಗೆ ಮಾತಿಲ್ಲದೆ ಬರೀ ಕೈಬೀಸಿದ್ದ. ಅವರೂ ಕೈಬೀಸಿ ಮುಂದೆ ಹೋಗಿದ್ದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತು ಅವಳು ಡಾಕ್ಟರನ್ನು ಒಂದೇ ಒಂದು ಪ್ರಶ್ನೆ ಕೇಳಿದಳು. "ನಾನು ಬೇಗ ಬಂದಿದ್ರೆ?"

ಡಾಕ್ಟರು ಒಳ್ಳೆಯವರು, ಆದರೆ ಸುಳ್ಳು ಹೇಳಲು ಬಾರದವರು. "ಆ ಕಾಡಲ್ಲಿ ಏನು ಮಾಡೋಕಾಗ್ತಿತ್ತಮ್ಮ," ಎಂದರು. ಅವಳು ಕಣ್ಣು ಕದಲಿಸದೆ ನೋಡುತ್ತಲೇ ಇದ್ದಾಗ, "ಹೇಳೋಕಾಗಲ್ಲ," ಎಂದು ಸೇರಿಸಿದರು. ಆ ಒಂದು ಮಾತು ಅವಳ ಜೊತೆಗೆ ಮನೆಗೆ ಬಂತು.

ಮನೆಯಲ್ಲಿ ಅತ್ತೆ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಳು ಮುಗಿದು, ಕಣ್ಣು ಬತ್ತಿ ಕೂತಾಗ ಹೇಳಿದಳು. "ಊರವರನ್ನೆಲ್ಲ ಹಿಂದೆ ನಿಂತು ಕಾದೆ. ನನ್ನ ಮಗನ್ನ ಕಾಯಲಿಲ್ಲ ನೀನು."

ವ್ಯಾನಿನ ವಿಷಯ, ಹೊಳೆಯ ವಿಷಯ ಸೊಸೆಯ ಬಾಯಿಯ ತನಕ ಬಂದು ಹಿಂದೆ ಹೋಯಿತು. ಅತ್ತೆ ಆ ಮಾತನ್ನು ಇನ್ನೊಮ್ಮೆ ಆಡಲಿಲ್ಲ, ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಇಬ್ಬರೂ ಒಂದೇ ಸೂರಿನಡಿ, ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಂಡರು. "ಉಪ್ಪು ಸಾಕಾ?" "ಸಾಕು." "ಕಿಟಕಿ ಹಾಕ್ಲಾ?" "ಹಾಕು." ದಿನಗಟ್ಟಲೆ ಅಷ್ಟೇ ಮಾತು.

ಮೊದಲೇ ಒಪ್ಪಿಕೊಂಡಿದ್ದ ಒಂದು ಪ್ರವಾಸ ಬಾಕಿ ಇತ್ತು. ಬೇಡವೆಂದು ಎಲ್ಲರೂ ಹೇಳಿದರೂ ಗಾರ್ಡಮ್ಮ ಅದನ್ನು ತಾನೇ ನಡೆಸಲು ಹೊರಟಳು. ಬಾಲಕ್ಕೆ ಪೋಸ್ಟ್‌ಮ್ಯಾನ್ ಬಂದರು. ಅವಳು ಮುಂದೆ. ದಾರಿಯೇನೋ ಗೊತ್ತಿತ್ತು. ಆದರೆ ಎದುರಿಗೆ ಒಂದೂ ಬೆನ್ನಿಲ್ಲದ ಆ ಖಾಲಿ ರಸ್ತೆಯನ್ನು ನೋಡಿಕೊಂಡು ತುಳಿಯುವುದು ಅವಳಿಗೆ ಆಗಲೇ ಇಲ್ಲ. ಮತ್ತೆ ಮತ್ತೆ ಹಿಂದಕ್ಕೆ ತಿರುಗಿದಳು, ನಿಂತಳು, ಎಲ್ಲರೂ ಬರುವ ತನಕ ಕಾದಳು. ಒಂದು ಇಳಿಜಾರಿನಲ್ಲಿ ಹಾಗೆಯೇ ಹಿಂದೆ ನೋಡುತ್ತಾ ಚರಂಡಿಗೆ ಬಿದ್ದಳು. ಮೊಣಕೈ ತರಚಿತ್ತು, ಅಷ್ಟೇ. ಪೋಸ್ಟ್‌ಮ್ಯಾನ್ ಬಂದು ಎಬ್ಬಿಸಿದಾಗ, "ಅಣ್ಣಾ, ಇವರು ಇಷ್ಟು ವರ್ಷ ಒಬ್ಬರೇ ಹೀಗೆ ಹೋಗ್ತಿದ್ರಾ?" ಎಂದು ಕೇಳಿದಳು. ಅವರು ಬಾಗಿ ಅವಳ ಸೈಕಲ್ ಎತ್ತಿ ನಿಲ್ಲಿಸಿದರು. ಹೇಗೋ ಪ್ರವಾಸ ಮುಗಿಸಿ ಬಂದವಳು, ಸೈಕಲ್‌ಗಳನ್ನೆಲ್ಲ ಕೊಕ್ಕೆಗೆ ತೂಗುಹಾಕಿ, ಹೊಲಿಗೆ ಮೆಷಿನ್ನಿನ ಮುಂದೆ ಕೂತುಬಿಟ್ಟಳು.

ತಂಡದವರು ಮೊದಮೊದಲು ಬಂದು ಹೋಗುತ್ತಿದ್ದರು. ಅವನನ್ನು ದಾಟಿ ಹೋದವರಾದ್ದರಿಂದ ಯಾರಿಗೂ ಅವಳಿಗೆ ಮುಖ ಕೊಟ್ಟು ಮಾತಾಡಲು ಆಗುತ್ತಿರಲಿಲ್ಲ. ಬರಬರುತ್ತಾ ಬರುವುದು ನಿಂತಿತು.

ಮುಂದಿನ ಮಳೆಗಾಲ ಶುರುವಾಗುವ ಹೊತ್ತಿಗೆ ಲೈಬ್ರರಿ ಮೇಡಂ ಬಂದರು. ಕಿಟಕಿಯಿಂದ ಅವರನ್ನು ನೋಡಿದ ಗಾರ್ಡಮ್ಮನಿಗೆ ಬಾಗಿಲು ತೆಗೆಯದೆ ಇದ್ದುಬಿಡೋಣ ಎನ್ನಿಸಿತು. ತೆಗೆದಳು. ಮೇಡಂ ಕೈಯಲ್ಲಿ ಸೈಕಲ್ಲಿನ ಚೀಲವಿತ್ತು.

"ಚೀಲ ಹರಿದಿದೆ ಅಕ್ಕಾ. ಹೊಲಿದು ಕೊಡ್ತೀರಾ ಅಂತ..."

ಗಾರ್ಡಮ್ಮ ಚೀಲ ತಿರುಗಿಸಿ ನೋಡಿದಳು. ಕತ್ತರಿಯಲ್ಲಿ ಕತ್ತರಿಸಿದ ಗೆರೆ ನೆಟ್ಟಗಿತ್ತು. ಅವಳು ಮೆಷಿನ್ನಿಗೆ ದಾರ ಪೋಣಿಸಿದಳು. ಹೊಲಿದು ಮುಗಿಯುವ ತನಕ ಮೇಡಂ ಗೋಡೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಹೊರಡುವಾಗ ಹೊಸ್ತಿಲ ಮೇಲೆ ನಿಂತು ತಡೆಯಲಾರದೆ, "ನಡೆಯೋಕಾಗಲ್ಲ ಅಂತ ಕೂತಿದ್ದ ಕಾಲು ಆಮೇಲೆ ಹೇಗೆ ಓಡ್ತು ಅಕ್ಕಾ? ಅಷ್ಟು ಶಕ್ತಿ ಇತ್ತಲ್ಲ, ಮೊದಲೇ ಯಾಕೆ ಬರಲಿಲ್ಲ?" ಎಂದರು.

"ಒಳಗೆ ಬನ್ನಿ," ಎಂದಳು ಗಾರ್ಡಮ್ಮ. "ಮಳೆ ಬರೋ ಹಾಗಿದೆ. ಟೀ ಕುಡಿದು ಹೋಗಿ."

ಅಂದಿನಿಂದ ಮೇಡಂ ರಜೆಯ ದಿನ ಬರುವುದು ರೂಢಿಯಾಯಿತು. ಅತ್ತೆಗೆ ಕಣ್ಣು ಮಬ್ಬಾಗುತ್ತಾ ಬಂದಿತ್ತು. ಮೇಡಂ ಪೇಪರ್ ಓದಿ ಹೇಳುತ್ತಿದ್ದರು, ಮಂತ್ರಿಗಳ ಭಾಷಣವನ್ನು ಅವರವರ ಧ್ವನಿಯಲ್ಲೇ ಓದಿ ನಗಿಸುತ್ತಿದ್ದರು. ಅತ್ತೆಗೆ ಈ ಹೆಂಗಸು ಯಾರು ಎಂದು ಗೊತ್ತಿರಲಿಲ್ಲ. ಸೊಸೆಯ ಗಿರಾಕಿ ಎಂದಷ್ಟೇ ತಿಳಿದಿದ್ದಳು. ಬರುವುದು ತಡವಾದರೆ, "ಪೇಪರ್ ಓದೋಳು ಎಲ್ಲೇ?" ಎಂದು ಕೇಳುವಷ್ಟು ಹಚ್ಚಿಕೊಂಡಿದ್ದಳು. ಹೇಳಬೇಕು ಎಂದು ಇಬ್ಬರಿಗೂ ಇತ್ತು. ಮೇಡಂ ಗಾರ್ಡಮ್ಮನ ಮುಖ ನೋಡುತ್ತಿದ್ದರು, ಗಾರ್ಡಮ್ಮ ಹೊಲಿಗೆ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಪೇಪರಿನಲ್ಲಿ ಯಾವುದೋ ಅಪಘಾತದ ಸುದ್ದಿ ಬಂದಿತ್ತು. ಮೇಡಂ ಓದಿ ಮುಗಿಸುತ್ತಲೇ ಅತ್ತೆ ನಿಟ್ಟುಸಿರು ಬಿಟ್ಟಳು.

"ನನ್ನ ಮಗನೂ ದಾರೀಲೇ ಹೋದ, ಗೊತ್ತಾ ನಿನಗೆ? ಯಾವಳೋ ಒಬ್ಬಳು ಏರು ಹತ್ತಲಾರದೆ ಕೂತಳಂತೆ. ಅವಳನ್ನ ಕರ್ಕೊಂಡು ಬರೋದ್ರಲ್ಲಿ ಇವಳಿಗೆ ತಡವಾಯ್ತು. ಕೈಲಾಗದವರು ಯಾಕಾದ್ರೂ ಬರ್ತಾರೋ."

ಮೇಡಂ ಪೇಪರನ್ನು ಮಡಿಸಿದರು. ಮತ್ತೊಮ್ಮೆ ಮಡಿಸಿದರು.

"ಅದು ನಾನೇ ಅಮ್ಮ."

ಮೆಷಿನ್ ನಿಂತಿತು. ಅತ್ತೆ ಮಬ್ಬು ಕಣ್ಣನ್ನು ಕಿರಿದು ಮಾಡಿ ಧ್ವನಿ ಬಂದ ಕಡೆ ನೋಡಿದಳು. ಅವಳ ಕೈ ಮಂಚದ ಅಂಚನ್ನು ಹಿಡಿದುಕೊಂಡಿತು.

ಗಾರ್ಡಮ್ಮ ಎದ್ದು ಬಂದಳು. ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತಳು. ಇಷ್ಟು ದಿನ ಬಾಯಿಯ ತನಕ ಬಂದು ಹಿಂದೆ ಹೋಗುತ್ತಿದ್ದದ್ದು ಈಗ ತಾನಾಗಿಯೇ ಹೊರಗೆ ಬಂತು.

"ಅವರದ್ದೇನೂ ಇಲ್ಲ ಅತ್ತೆ. ಅವರು ಬುಡದಲ್ಲೇ ವ್ಯಾನಿಗೆ ಹತ್ತಿಸಿ ಅಂದಿದ್ರು. ಬೇಡ ಅಂದೋಳು ನಾನು. ಅಷ್ಟೇ ಅಲ್ಲ. ದಾರೀಲಿ ಹೊಳೆ ಸಿಕ್ತು. ಕಾಲಿಳಿಸ್ಕೊಂಡು ಕೂತಿದ್ವಿ. ಅವರು ಹೋಗೋಣ ಅಂದ್ರು, ನಾನೇ ಇನ್ನೂ ಕೂತ್ಕೊಳ್ಳಿ ಅಂದೆ. ನಗ್ತಾ ಕೂತಿದ್ದೆ ಅತ್ತೆ. ಅವರು ಅಲ್ಲಿ ನನ್ನ ದಾರಿ ನೋಡ್ತಿದ್ದಾಗ ನಾನು ಇಲ್ಲಿ ನಗ್ತಾ ಕೂತಿದ್ದೆ."

ಬೀದಿಯಲ್ಲಿ ಯಾರೋ ಗಾಡಿ ತಳ್ಳಿಕೊಂಡು ಹೋದ ಸದ್ದು ಕೇಳಿ, ದೂರವಾಗಿ, ನಿಂತಿತು. ಸೊಸೆ ತಲೆ ತಗ್ಗಿಸಿಕೊಂಡು ಕಾದಳು.

"ನೀರು ತಣ್ಣಗಿತ್ತಾ?" ಎಂದಳು ಅತ್ತೆ ಕೊನೆಗೆ.

"ಹೂಂ."

"ಚಿಕ್ಕವನಿದ್ದಾಗ ನೀರು ಕಂಡ್ರೆ ಎದ್ದು ಬರ್ತಿರಲಿಲ್ಲ ಅವನು. ಎಳ್ಕೊಂಡು ಬರಬೇಕಿತ್ತು." ಅವಳ ಕೈ ಮಂಚದ ಅಂಚನ್ನು ಬಿಟ್ಟಿತು. "ನಿನ್ನ ಜೊತೆ ಇದ್ದಿದ್ರೆ ಅವನೂ ಕೂತಿರ್ತಿದ್ದ."

ಗಾರ್ಡಮ್ಮ ಅತ್ತೆಯ ಮಂಡಿಗೆ ಹಣೆ ಹಚ್ಚಿ ಅತ್ತಳು. ಗಂಡ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಅತ್ತೆ ಅವಳ ತಲೆಯ ಮೇಲೆ ಕೈ ಇಡಲಿಲ್ಲ, ಮಂಡಿಯನ್ನು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಆಮೇಲೆ ಮೇಡಂ ಕಡೆ ತಿರುಗಿ, "ಇವತ್ತು ಹೋಗಮ್ಮ ನೀನು," ಎಂದಳು.

ಮೇಡಂ ಹೋದರು. ಅವರು ಇನ್ನು ಬರಲಾರರು ಎಂದೇ ಗಾರ್ಡಮ್ಮ ಅಂದುಕೊಂಡಳು. ಒಂದು ರಜೆ ಕಳೆಯಿತು, ಇನ್ನೊಂದು ಕಳೆಯಿತು. ಹಳೆಯ ಪೇಪರುಗಳು ಮಂಚದ ಬುಡದಲ್ಲಿ ಹಾಗೇ ಬಿದ್ದಿದ್ದವು. ಒಂದು ಬೆಳಿಗ್ಗೆ ಅತ್ತೆ ಟೀ ಲೋಟ ಕೆಳಗಿಟ್ಟು, ಯಾರನ್ನೋ ಬೈಯುವ ಧ್ವನಿಯಲ್ಲಿ ಹೇಳಿದಳು. "ಅವಳಿಗೆ ಹೇಳಿ ಕಳಿಸು. ಲೋಕದಲ್ಲಿ ಏನಾಗ್ತಿದೆ ಅಂತಾನೇ ಗೊತ್ತಾಗ್ತಿಲ್ಲ ನನಗೆ."

ಮೇಡಂ ಮತ್ತೆ ಬರತೊಡಗಿದರು. ಮುದುಕಿ ಹಾಸಿಗೆ ಹಿಡಿದ ಮೇಲಂತೂ ಇಬ್ಬರೂ ಸರದಿಯ ಮೇಲೆ ಮಗ್ಗುಲು ತಿರುಗಿಸಿ, ಬಟ್ಟೆ ಬದಲಿಸಿ ನೋಡಿಕೊಂಡರು. ಒಂದು ಮುಂಜಾನೆ ನಿದ್ದೆಯಲ್ಲೇ ಅವಳು ಹೋದಳು. ಮಗನ ಸಾವಿನ ದಿನ ಆಡಿದ ಮಾತನ್ನು ಕೊನೆಯ ತನಕ ಹಿಂದೆ ತೆಗೆದುಕೊಳ್ಳಲಿಲ್ಲ. ಗಾರ್ಡಮ್ಮ ಅದಕ್ಕಾಗಿ ಕಾಯುವುದನ್ನು ಅಷ್ಟರಲ್ಲಿ ಬಿಟ್ಟಿದ್ದಳು. ಮನೆಯಲ್ಲಿ ಒಬ್ಬಳೇ ಉಳಿದಾಗ, ಗೊಣಗುವವರಿಲ್ಲದ ಅಡುಗೆಮನೆಯಲ್ಲಿ ನಿಂತು, ಯಾರಿಗೆ ಉಪ್ಪು ಸಾಕೇ ಎಂದು ಕೇಳುವುದು ಎಂದು ತಿಳಿಯದೆ ಒಲೆ ಆರಿಸಿಬಿಟ್ಟಳು.

ಈಗ ಆ ಪ್ರವಾಸಗಳನ್ನು ಹೊಸದಾಗಿ ಮದುವೆಯಾದ ಒಂದು ಜೋಡಿ ನಡೆಸುತ್ತದೆ. ಸೈಕಲ್‌ಗಳನ್ನು ಕೇಳಿಕೊಂಡು ಬಂದವರು, ಅವಳನ್ನೂ ಬರುತ್ತೀರಾ ಎಂದು ಕೇಳಿದರು. ಬಾಲದಲ್ಲಾದರೆ ಬರುತ್ತೇನೆ ಎಂದಳು. ಒಂದು ಷರತ್ತನ್ನೂ ಹಾಕಿದಳು. ದಾರಿಯಲ್ಲಿ ಯಾರು ಕೂತರೂ, ಮುಂದಾಳು ಕೂತರೂ ಸರಿ, ಹೋಗಿ ಎಂದು ಅವರೇ ಹೇಳಿದರೂ ಸರಿ, ಒಬ್ಬರು ಪಕ್ಕದಲ್ಲಿ ಕೂರಲೇಬೇಕು. ಹೊರಡುವ ಮುಂಚೆ ಇದನ್ನು ಅವಳೇ ಎಲ್ಲರಿಗೂ ಹೇಳುತ್ತಾಳೆ. ಕೆಲವರು ನಗುತ್ತಾರೆ.

ಆ ಏರಿನ ಬುಡದಲ್ಲಿ ದಾರಿ ಕವಲೊಡೆಯುತ್ತದೆ. ಇವರ ತಂಡ ಈಗ ಎಡಕ್ಕೆ ತಿರುಗಿ, ಕಣಿವೆಯ ಗುಂಟ ಬಳಸಿ ಹೋಗುತ್ತದೆ. ಇದು ಬಲು ದೂರದ ದಾರಿ, ಬಿಸಿಲೂ ಹೆಚ್ಚು. ಮೇಲೆ ಹೋಗುವ ನೆರಳಿನ ರಸ್ತೆ ತೋರಿಸಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ರಸ್ತೆ ಕೆಟ್ಟಿದೆ ಎಂದು ಜೋಡಿಯಲ್ಲಿ ಯಾರೋ ಒಬ್ಬರು ಹೇಳುತ್ತಾರೆ. ಗಾರ್ಡಮ್ಮ ಎಲ್ಲರನ್ನೂ ಮುಂದೆ ಬಿಟ್ಟು, ಕವಲಿನಲ್ಲಿ ಒಂದು ಕಾಲನ್ನು ನೆಲಕ್ಕೆ ಊರಿ ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಆಮೇಲೆ ಸಾಲಿನ ಹಿಂದೆ ಹೋಗುತ್ತಾಳೆ.